ಫ್ಯಾನ್ ತಿರುಗುತ್ತಿತ್ತಲ್ಲ

ಹಿರಿಯೂರಿನ ಪೇಟೆಬೀದಿಯಲ್ಲಿ ನನ್ನದೊಂದು ಸಣ್ಣ ಔಷಧಿ ಅಂಗಡಿ ಇದೆ. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ನಾನು ಮಾಡುವ ಮೊದಲ ಕೆಲಸವೆಂದರೆ ಗಾಜಿನ ಕೌಂಟರನ್ನು ಒರೆಸುವುದು. ಹಿಂದಿನ ಸಂಜೆ ಮುಖ ಕಾಣುವಂತೆ ಒರೆಸಿಟ್ಟ ಗಾಜಿನ ಮೇಲೆ, ಬಾಗಿಲೆಲ್ಲ ಮುಚ್ಚಿದ್ದರೂ, ಬೆಳಗಾಗುವಷ್ಟರಲ್ಲಿ ತೆಳ್ಳಗಿನದೊಂದು ಪದರ ಬಂದು ಕೂತಿರುತ್ತದೆ. ಹಳೆಯ ಪಂಚೆಯ ತುಂಡನ್ನು ಒಮ್ಮೆ ಎಳೆದರೆ ಸಾಕು, ಬಟ್ಟೆಯ ಮೇಲೆ ಕಪ್ಪು ಪಟ್ಟೆ. ನಮ್ಮ ಕಡೆಯ ಧೂಳಿನ ಬಣ್ಣ ನನಗೆ ಗೊತ್ತು. ಅದು ಕೆಂಪು, ಒಣ, ಊದಿದರೆ ಹಾರಿಹೋಗುವ ಸಾಧು ಧೂಳು. ಇದು ಹಾಗಲ್ಲ. ಇದು ಅಂಟುತ್ತದೆ, ಉಜ್ಜಿದರೆ ಹರಡುತ್ತದೆ, ಬೆರಳಿಗೆ ಹತ್ತಿದರೆ ಸೋಪಿಗೂ ಜಗ್ಗುವುದಿಲ್ಲ. ಗಾಜಿನ ಮೇಲೆ ಇಷ್ಟು ಕೂತಿದ್ದರೆ ರಾತ್ರಿಯೆಲ್ಲ ಉಸಿರಾಡಿದ ನಮ್ಮೊಳಗೆ ಎಷ್ಟು ಕೂತಿರಬೇಡ ಎಂದು, ಓದುಗ ಮಿತ್ರರೇ, ನೀವೂ ಒಂದು ದಿನ ನಿಮ್ಮ ಕಿಟಕಿಯ ಗಾಜಿಗೆ ಬೆರಳಿಟ್ಟು ಯೋಚಿಸಬಹುದು. ನಮ್ಮನ್ನು ಒಳಗಿನಿಂದ ಒರೆಸುವ ಬಟ್ಟೆಯನ್ನು ಇದುವರೆಗೆ ಯಾವ ಔಷಧಿ ಕಂಪನಿಯೂ ನನಗೆ ಮಾರಿಲ್ಲ.

ನಾನು ಕೌಂಟರ್ ಒರೆಸುವ ಹೊತ್ತಿಗೇ ಪಕ್ಕದ ಬಟ್ಟೆ ಅಂಗಡಿಯವರು ತಮ್ಮ ಅಂಗಡಿಯ ಮುಂದೆ ಗುಡಿಸಲು ಶುರುಮಾಡುತ್ತಾರೆ. ಬಹಳ ಶುಚಿಯ ಮನುಷ್ಯ. ಸೀರೆ ಸುತ್ತಿ ಬಂದ ಪ್ಲಾಸ್ಟಿಕ್ ಕವರು, ರಟ್ಟು, ಗುಟ್ಕಾ ಚೀಟಿ, ಬಾಡಿದ ಹೂವು, ಎಲ್ಲವನ್ನೂ ಚರಂಡಿಯ ಅಂಚಿಗೆ ಗುಡ್ಡೆ ಮಾಡಿ, ಪೂಜೆಗೆ ದೀಪ ಹಚ್ಚುವಷ್ಟೇ ಶ್ರದ್ಧೆಯಿಂದ ಬೆಂಕಿ ಇಡುತ್ತಾರೆ. ನಮ್ಮಲ್ಲಿ ಗುಡಿಸುವ ಕೆಲಸ ಪೊರಕೆಯಿಂದ ಶುರುವಾಗಿ ಬೆಂಕಿಕಡ್ಡಿಯಲ್ಲಿ ಮುಗಿಯುತ್ತದೆ. ಕಣ್ಣಿಗೆ ಕಾಣುತ್ತಿದ್ದದ್ದು ಕಾಣದೆ ಹೋದರೆ ಅದೇ ಸ್ವಚ್ಛತೆ. ಅದು ಮೂಗಿನ ದಾರಿ ಹಿಡಿದು ಎಲ್ಲಿಗೆ ಹೋಯಿತೆಂದು ಯಾರೂ ವಿಚಾರಿಸುವುದಿಲ್ಲ. ಬೆಂಕಿ ಹತ್ತಿತೆಂದು ಖಾತ್ರಿಯಾದ ಮೇಲೆ ಅವರು ಕೆಮ್ಮುತ್ತ ನನ್ನ ಕೌಂಟರಿಗೇ ಬರುತ್ತಾರೆ.

"ಅಕ್ಕ, ಈ ಕೆಮ್ಮು ಹೋಗ್ತಾನೇ ಇಲ್ಲ ನೋಡ್ರಿ. ಏನಾರ ಗಟ್ಟಿ ಔಷಧಿ ಕೊಡ್ರಿ."

"ಅಣ್ಣ, ಮೊದ್ಲು ಆ ಬೆಂಕಿ ಆರಿಸಿ ಬರ್ರಿ."

"ಅದೇನ್ ಬಿಡ್ರಿ ಅಕ್ಕ, ಒಂದು ಹಿಡಿ ಕಸ. ಗಾಳಿ ಹೊತ್ಕೊಂಡು ಹೋಗ್ತೈತೆ."

ಗಾಳಿ ಹೊತ್ತುಕೊಂಡು ಹೋಗುತ್ತದೆ! ನಮ್ಮ ಜಿಲ್ಲೆಯ ಮಂದಿಯ ಬಾಯಲ್ಲಿ ಈ ಮಾತು ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿದೆ. ಚಳಿಗಾಲ ಬಂತೆಂದರೆ ಟಿವಿಯಲ್ಲಿ ದೊಡ್ಡ ದೊಡ್ಡ ನಗರಗಳ ಮಸುಕು ಚಿತ್ರಗಳು ಬರುತ್ತವೆ. ಹಗಲಲ್ಲೇ ದೀಪ ಹಾಕಿಕೊಂಡು ತೆವಳುವ ಕಾರುಗಳು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಶಾಲೆಗೆ ಹೋಗುವ ಮಕ್ಕಳು, ಹೊಗೆಯೊಳಗೆ ಅರ್ಧ ಅಳಿಸಿಹೋದ ಗೋಪುರಗಳು. ನಾವು ಚಹಾ ಹೀರುತ್ತ ಅವರಿಗಾಗಿ ಲೊಚಗುಟ್ಟುತ್ತೇವೆ. ಬೆಂಗಳೂರಿನಿಂದ ಬಂದ ನೆಂಟರು ಚಿತ್ರದುರ್ಗದ ಕೋಟೆಯ ಬೆಟ್ಟದ ಕಡೆ ಮುಖಮಾಡಿ ನಿಂತು ಎದೆತುಂಬ ಉಸಿರೆಳೆದು "ಎಂಥಾ ಗಾಳಿ ಕಣ್ರೀ ನಿಮ್ದು!" ಎನ್ನುತ್ತಾರೆ. ಆಗ ನಾವು, ಆ ಗಾಳಿಯನ್ನು ನಾವೇ ಬೀಸಿದವರಂತೆ, ಬೀಗುತ್ತೇವೆ. ಬೀಗಲು ನಮಗೊಂದು ಆಧಾರವೂ ಇದೆ. ಚಿತ್ರದುರ್ಗದಿಂದ ಹೊಳಲ್ಕೆರೆ, ಹೊಸದುರ್ಗದ ಕಡೆಗೆ ಯಾವ ಗುಡ್ಡದ ಸಾಲನ್ನು ನೋಡಿದರೂ ಅದರ ನೆತ್ತಿಯ ಮೇಲೆ ಬಿಳಿಯ ಗಾಳಿಯಂತ್ರಗಳು ಕೈಬೀಸುತ್ತ ನಿಂತಿವೆ. ನಮ್ಮವರು ಅವುಗಳನ್ನು ಫ್ಯಾನ್ ಎನ್ನುತ್ತಾರೆ. ಗಾಳಿಗೆ ಅದು ತಿರುಗುತ್ತದೆಯೋ, ಅದು ತಿರುಗುವುದರಿಂದ ಗಾಳಿ ಬರುತ್ತದೆಯೋ ಎಂಬ ವಿಚಾರದಲ್ಲಿ ಕೆಲವು ಹಿರಿಯರಿಗೆ ಇನ್ನೂ ಸ್ವಲ್ಪ ಅನುಮಾನವಿದೆ.

ನನ್ನ ಸೋದರಮಾವ ತಿಪ್ಪೇಸ್ವಾಮಿಗೆ ಅಂಥ ಅನುಮಾನವಿಲ್ಲ. ಐಮಂಗಲದ ಹತ್ತಿರ, ಪುಣೆ ಹೆದ್ದಾರಿಯ ಸರ್ವಿಸ್ ರಸ್ತೆಗೆ ಅಂಟಿಕೊಂಡಂತೆ ಅವನ ಹೊಲ. ಹೊಲದ ಹಿಂದೆ ಗುಡ್ಡ. ಗುಡ್ಡದ ಮೇಲೆ ಫ್ಯಾನ್. ಬೇರೆಯವರು ಕೈಗಡಿಯಾರ ನೋಡುವಂತೆ ಮಾವ ಫ್ಯಾನ್ ನೋಡುತ್ತಾನೆ. ತೂರುವುದಕ್ಕೆ, ಔಷಧಿ ಹೊಡೆಯುವುದಕ್ಕೆ, ಕಸಕ್ಕೆ ಬೆಂಕಿ ಹಾಕುವುದಕ್ಕೆ, ಎಲ್ಲಕ್ಕೂ ಮೊದಲು ಕತ್ತೆತ್ತಿ ಒಂದು ನೋಟ. ಟಿವಿಯಲ್ಲಿ ದೆಹಲಿಯ ಹೊಗೆ ತೋರಿಸಿದಾಗ ಅವನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: "ಪಾಪ, ಅವ್ರಿಗೆ ನಮ್ಮಂಗೆ ಫ್ಯಾನ್ ಇಲ್ಲ ಕಣವ್ವ. ಯಾವಾಗ ಹಚ್ಬೇಕು ಅಂತ ಹೆಂಗೆ ಗೊತ್ತಾಗ್ಬೇಕು?"

ಅಂದು ನಾನು ನಕ್ಕಿದ್ದೆ. ಈಗ ಆ ಮಾತು ನೆನಪಾದರೆ ನಗು ಬರುವುದಿಲ್ಲ.

ಮಾಗಿಯ ಚಳಿಯ ಒಂದು ಬೆಳಿಗ್ಗೆ. ಅಂಗಡಿಗೆ ಬೇಕಾದ ಕೆಲವು ಔಷಧಿ ತರಲು ಸ್ಕೂಟರಿನಲ್ಲಿ ಚಿತ್ರದುರ್ಗಕ್ಕೆ ಹೊರಟಿದ್ದೆ. ಹೆದ್ದಾರಿಯ ಲಾರಿಗಳ ಭಯಕ್ಕೆ ನಾನು ಸರ್ವಿಸ್ ರಸ್ತೆ ಸಿಕ್ಕಲ್ಲೆಲ್ಲ ಅದನ್ನೇ ಹಿಡಿಯುವವಳು. ಐಮಂಗಲ ಸಮೀಪಿಸುವಾಗ ತೆಳುವಾಗಿ ಮಂಜಿತ್ತು. ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ, ಹೆದರುವಂಥದ್ದೇನೂ ಅಲ್ಲ. ಮೊದಲು ಬಂದದ್ದು ವಾಸನೆ. ಸುಟ್ಟ ಪ್ಲಾಸ್ಟಿಕ್ಕಿನ, ಗಂಟಲಲ್ಲಿ ಲೋಹದಂತೆ ಕೂರುವ ವಾಸನೆ. ಮುಂದಿನ ತಿರುವಿನಲ್ಲಿ ಮಂಜು ಹಳದಿಯಾಯಿತು, ಆಮೇಲೆ ಬೂದು, ಆಮೇಲೆ ಯಾವ ಬಣ್ಣವೂ ಅಲ್ಲ. ಸ್ಕೂಟರಿನ ಮುಂದಿನ ಚಕ್ರ ನನಗೆ ಕಾಣದಾಯಿತು. ಹೊಗೆ ಮೇಲಕ್ಕೆ ಹೋಗಬೇಕಲ್ಲವೇ, ಅಡುಗೆಮನೆಯಲ್ಲಿ ಬೆಳೆದ ನಮಗೆಲ್ಲ ಅಷ್ಟು ಗೊತ್ತಿದೆಯಲ್ಲ. ಇದು ಹಾಗೆ ಹೋಗದೆ, ಮಂಜಿನ ಜೊತೆ ಕಲಸಿಕೊಂಡು ರಸ್ತೆಯ ಮೇಲೆ ಬೋರಲಾಗಿ ಮಲಗಿಬಿಟ್ಟಿತ್ತು. ಕಣ್ಣಲ್ಲಿ ನೀರು, ಎದೆಯಲ್ಲಿ ಉರಿ. ಬ್ರೇಕ್ ಹಿಡಿದೆ. ನಿಂತದ್ದು ರಸ್ತೆಯ ನಡುವಿನಲ್ಲೋ ಅಂಚಿನಲ್ಲೋ ತಿಳಿಯಲಿಲ್ಲ. ಸುತ್ತ ಏನೋ ಮೆತ್ತಗೆ ನುಗ್ಗುತ್ತಿತ್ತು, ಕಾಲಿಗೆ ಬೆಚ್ಚಗೆ ತಾಗುತ್ತಿತ್ತು, ಮ್ಯಾ ಎನ್ನುತ್ತಿತ್ತು. ನಾನು ಕುರಿ ಹಿಂಡಿನ ಮಧ್ಯೆ ನಿಂತಿದ್ದೆ.

"ಯಾರದು? ನಿಂತ್ಕಬ್ಯಾಡ್ರಿ! ಹಿಂದೆ ಲಾರಿ ಬರ್ತೈತೆ, ಕೆಳಾಕ್ಕಿಳೀರಿ!"

ಹೆಂಗಸಿನ ದನಿ. ದನಿಯ ಹಿಂದೆ ಒಂದು ಕೈ ಬಂತು. ಆ ಕೈ ಸ್ಕೂಟರಿನ ಹಿಡಿಯನ್ನು ಹಿಡಿದು, ನನ್ನನ್ನೂ ಸ್ಕೂಟರನ್ನೂ ಒಟ್ಟಿಗೆ ರಸ್ತೆಯಿಂದ ಕೆಳಗೆ ಎಳೆದುಹಾಕಿತು. ಅವಳು ಕುರಿ ಕಾಯುವ ಈರಕ್ಕ. ಹರಿಯಬ್ಬೆಯ ಕಡೆಯವಳು, ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಗಂಡ ಚಿಕ್ಕಣ್ಣನ ಜೊತೆ ಹಿಂಡು ಹೊಡೆದುಕೊಂಡು ತಾಳ್ಯದವರೆಗೂ ಹೋಗುವವಳು. ಅವಳನ್ನು ಗುರುತಿಸುವಷ್ಟು ನನಗೆ ಆಗ ಕಾಣುತ್ತಿರಲಿಲ್ಲ. ಲಾರಿಯ ಹಾರನ್ ಕೇಳಿಸಿತು, ಬ್ರೇಕಿನ ಕಿರುಚಾಟ ಕೇಳಿಸಿತು, ಆಮೇಲೆ ಮೂಟೆಗಳ ಮೇಲೆ ಮೂಟೆ ಬಿದ್ದಂಥ ಸದ್ದು. ಕುರಿಗಳ ದನಿ ಒಮ್ಮೆಲೇ ಏರಿ, ಒಮ್ಮೆಲೇ ನಿಂತಿತು.

ಈರಕ್ಕ ನನ್ನ ತೋಳನ್ನು ಉಗುರು ನೆಡುವಂತೆ ಹಿಡಿದಿದ್ದಳು. ಅವಳ ಗಂಡ ಹಿಂಡಿನ ಬಾಲದಲ್ಲಿದ್ದ, ಎಂದರೆ ಲಾರಿ ಬಂದ ಕಡೆಯಲ್ಲಿ. ಅವಳು ಅವನನ್ನು ಕೂಗಬೇಕು. ಗಂಡನ ಹೆಸರು ಹಿಡಿದು ಕೂಗುವ ರೂಢಿ ಅವಳಿಗಿಲ್ಲ. "ಮಾಲಿಂಗನ ಅಪ್ಪಾ!" ಎಂದು ಮಗನ ಹೆಸರಿನಿಂದ ಕೂಗಿದಳು. ಉತ್ತರವಿಲ್ಲ. ಮತ್ತೆ ಕೂಗಿದಳು. "ಯೋ! ಎಲ್ಲಿದೀಯಾ?" ಎಂದಳು. ಕೊನೆಗೆ, ಬಹುಶಃ ಮದುವೆಯಾದಾಗಿನಿಂದ ಮೊದಲ ಸಲ, "ಚಿಕ್ಕಣ್ಣಾ! ಲೇ ಚಿಕ್ಕಣ್ಣಾ!" ಎಂದು ಹೆಸರನ್ನೇ ಹರಿದುಹಾಕುವಂತೆ ಅರಚಿದಳು. ಆ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಪಾತ್ರೆ ತೊಳೆಯುವಾಗ, ಬಿಲ್ ಬರೆಯುವಾಗ, ಸುಮ್ಮನೆ ಕೂತಿರುವಾಗ ಅದು ಬರುತ್ತದೆ, ಅದರ ಹಿಂದೆಯೇ ಆ ಬ್ರೇಕಿನ ಸದ್ದು ಬರುತ್ತದೆ. ಕಂಡ ಅಪಘಾತವಾದರೆ ಕಂಡಷ್ಟಕ್ಕೆ ಮುಗಿಯುತ್ತಿತ್ತೋ ಏನೋ. ನಾನು ಕಾಣಲಿಲ್ಲವಲ್ಲ, ಅದಕ್ಕೇ ಮನಸ್ಸು ದಿನಕ್ಕೊಂದು ರೀತಿಯಲ್ಲಿ ಚಿತ್ರ ಬರೆದು ತೋರಿಸುತ್ತದೆ.

ಹೊಗೆಯೊಳಗಿನಿಂದ ಉತ್ತರ ಬಂದದ್ದು ಮಾತಿನಲ್ಲಲ್ಲ, ಕೆಮ್ಮಿನಲ್ಲಿ. ಒಣ ಕೆಮ್ಮು, ಕರುಳು ಕಿತ್ತು ಬರುವಂಥದ್ದು. ಕೆಮ್ಮು ನಿಲ್ಲಿಸುವ ಬಾಟಲಿಗಳನ್ನು ಮಾರಿ ಬದುಕುವ ನಾನು, ದೇವರೇ ಈ ಕೆಮ್ಮು ನಿಲ್ಲದಿರಲಿ ಎಂದು ಬೇಡಿಕೊಂಡೆ. ಅದರ ಜಾಡು ಹಿಡಿದು ನಾವಿಬ್ಬರೂ ಕೈಯಾಡಿಸುತ್ತ ಹೋದೆವು. ಚಿಕ್ಕಣ್ಣ ಚರಂಡಿಯಲ್ಲಿ ಬಿದ್ದಿದ್ದ. ಬೆದರಿದ ಕುರಿಗಳೇ ಅವನನ್ನು ಅಲ್ಲಿಗೆ ತಳ್ಳಿ ಉಳಿಸಿದ್ದವು; ಕಾಲು ಮಾತ್ರ ಇರಬಾರದ ಕಡೆಗೆ ತಿರುಗಿತ್ತು. ಲಾರಿಯ ಡ್ರೈವರ್ ಕೆಳಗಿಳಿದು "ಮನುಷ್ಯರಿಗೆ ತಾಗ್ತಾ? ಯಾರಿಗಾದ್ರೂ ತಾಗ್ತಾ?" ಎಂದು ಹೊಗೆಯನ್ನೇ ಕೇಳುತ್ತಿದ್ದ. ಗಾಲಿಗಳ ಹತ್ತಿರ ಕುರಿಗಳು ಬಿದ್ದಿದ್ದವು. ಅವುಗಳನ್ನು ನಾನು ವರ್ಣಿಸಲಾರೆ.

ಬಿಸಿಲು ಏರಿದಂತೆ ಪರದೆ ಸರಿಯಿತು. ರಸ್ತೆಯ ಪಕ್ಕದ ಹೊಲದಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು, ಉದ್ದನೆಯ ಕೋಲಿನಿಂದ ಉರಿಯುವ ಗುಡ್ಡೆಯನ್ನು ಕೆದಕುತ್ತ ನಿಂತಿದ್ದವನು ನನ್ನ ಮಾವ. ಗದ್ದಲ ಕೇಳಿ ಓಡಿಬಂದ. ಚಿಕ್ಕಣ್ಣನನ್ನು ನೋಡಿ ಅವನ ಕೋಲು ಕೈಯಿಂದ ಜಾರಿತು. ಏಕೆಂದರೆ ಆ ಹಿಂಡು ಬರುತ್ತಿದ್ದದ್ದು ಅವನ ಹೊಲಕ್ಕೇ. ಪೈರು ತೆಗೆದ ಮೇಲೆ ಕುರಿ ಮಂದೆಯನ್ನು ಹೊಲದಲ್ಲಿ ಕೆಲವು ರಾತ್ರಿ ನಿಲ್ಲಿಸಿಕೊಂಡು ಗೊಬ್ಬರ ಮಾಡಿಸುವುದು ನಮ್ಮ ಕಡೆಯ ಪದ್ಧತಿ. ಮಾವನೇ ಫೋನ್ ಮಾಡಿ ಅವರನ್ನು ಕರೆಸಿದ್ದ. ಬರುವ ಮಂದೆಗೆ ಜಾಗ ಹಸನಾಗಿರಲಿ ಎಂದು ಮೆಕ್ಕೆಜೋಳದ ದಂಟಿಗೆ ಬೆಂಕಿ ಇಟ್ಟಿದ್ದ. ಅತಿಥಿಗೆ ಅಂಗಳ ಗುಡಿಸಿದಂತೆ.

"ಮಾವ, ಏನು ಸುಡ್ತಿದೀಯ ನೀನು?"

"ದಂಟು ಕಣವ್ವ."

"ದಂಟು ಹಿಂಗೆ ನಾರುತ್ತಾ?"

"ಅದ್ರಾಗೆ ಒಂದಿಷ್ಟು ಹಳೇ ಡ್ರಿಪ್ ಪೈಪು, ಟೊಮೆಟೊಕ್ಕೆ ಹಾಸಿದ್ ಶೀಟು ಅವೆ."

"ರಸ್ತೆ ಕಾಣ್ಲಿಲ್ವಾ ನಿಂಗೆ?"

"ನೋಡೇ ಹಚ್ಚಿದ್ದು ಕಣವ್ವ, ನೋಡ್ದೆ ಹಚ್ತೀನಾ?" ಮಾವನ ದನಿಯಲ್ಲಿ ಅಳು ಇತ್ತು. ಕೈಯೆತ್ತಿ ಗುಡ್ಡ ತೋರಿಸಿದ. "ಫ್ಯಾನ್ ತಿರುಗ್ತಿತ್ತಲ್ಲ!"

ನಾನು ನೋಡಿದೆ. ಅಲ್ಲಿ, ಎಳೆಬಿಸಿಲಿನಲ್ಲಿ, ಮಂಜಿಗೂ ಹೊಗೆಗೂ ಮೇಲೆ, ನಿರ್ಮಲವಾದ ನೀಲಿಯಲ್ಲಿ, ಫ್ಯಾನ್ ನಿಜಕ್ಕೂ ತಿರುಗುತ್ತಿತ್ತು.

ಮಾಗಿಯ ಬೆಳಗಿನಲ್ಲಿ ತಣ್ಣನೆಯ ಗಾಳಿ ನೆಲಕ್ಕೆ ಅಂಟಿ ಕೂರುತ್ತದೆ, ಮೇಲಿನ ಗಾಳಿ ಅದನ್ನು ಮುಟ್ಟದೆ ತನ್ನ ಪಾಡಿಗೆ ತಾನು ಹೋಗುತ್ತದೆ, ಗುಡ್ಡದ ತುದಿಯಲ್ಲಿ ಬೀಸುವುದು ರಸ್ತೆಯಲ್ಲಿ ಬೀಸಬೇಕೆಂದಿಲ್ಲ ಎಂದು ನಾನು ಅಲ್ಲೇ, ಚಿಕ್ಕಣ್ಣನ ಕಾಲಿಗೆ ವೇಲ್ ಕಟ್ಟುತ್ತಲೇ, ಕಿರುಚಿ ಕಿರುಚಿ ಹೇಳಿದೆ. ಸುತ್ತ ಸೇರಿದ್ದ ಊರವರು ಗಂಭೀರವಾಗಿ ಕೇಳಿದರು. ಕೇಳಿ, ಒಬ್ಬೊಬ್ಬರಾಗಿ ಕತ್ತೆತ್ತಿ ಗುಡ್ಡದ ಕಡೆ ನೋಡಿದರು. "ತಿರುಗ್ತೈತಲ್ಲವ್ವ," ಎಂದರೊಬ್ಬರು. "ಅವಂದೇನ್ ತಪ್ಪೈತೆ ಪಾಪ," ಎಂದರು ಇನ್ನೊಬ್ಬರು. ನನಗೆ ಆ ಹೊತ್ತಿನಲ್ಲಿ ಆ ಫ್ಯಾನಿನ ರೆಕ್ಕೆಗಳನ್ನು ಹಿಡಿದು ನಿಲ್ಲಿಸುವಷ್ಟು ಸಿಟ್ಟು ಬಂದಿತ್ತು. ದೊಡ್ಡ ನಗರದವರು ಹೊಗೆಯಲ್ಲಿ ಬದುಕುತ್ತಾರೆ, ಆದರೆ ಅದು ಹೊಗೆಯೆಂದು ಅವರಿಗೆ ಗೊತ್ತಿದೆ. ಅದನ್ನು ಅಳೆಯುತ್ತಾರೆ, ಬೈದಾಡುತ್ತಾರೆ. ನಾವು ಮಾತ್ರ ಕಣ್ಣುರಿಯುತ್ತಿದ್ದರೂ ಮೇಲೆ ನೋಡಿ ಗಾಳಿ ಚೆನ್ನಾಗಿದೆ ಎನ್ನುವವರು.

ಚಿಕ್ಕಣ್ಣನ ಕಾಲಿಗೆ ಹಿರಿಯೂರಿನ ಆಸ್ಪತ್ರೆಯಲ್ಲಿ ಕಟ್ಟು ಹಾಕಿದರು. ಕಾಲು ಕೂಡುತ್ತದೆ, ಎದೆಯದೇ ಚಿಂತೆ ಎಂದರು ಡಾಕ್ಟರು. ಮೊದಲೇ ದಣಿದಿದ್ದ ಶ್ವಾಸಕೋಶ, ಇನ್ನೊಮ್ಮೆ ಇಂಥ ಹೊಗೆ ಕುಡಿದರೆ ತಡೆಯುವುದಿಲ್ಲ, ಹುಷಾರು. ಹುಷಾರಾಗಿ ಇರಿಸುವುದಾದರೂ ಎಲ್ಲಿ? ಹಿಂಡು ಬಿಟ್ಟು ಈರಕ್ಕ ಊರಿಗೆ ಹೋಗುವಂತಿರಲಿಲ್ಲ. ಮಾವ ತಾನೇ ಮುಂದೆ ನಿಂತು ಹೊಲದ ಮೂಲೆಯಲ್ಲಿ ಟಾರ್ಪಾಲು ಕಟ್ಟಿಸಿ, ಮಂಚ ಹಾಕಿಸಿ, ಮನೆಯಿಂದ ಮುದ್ದೆ ಸಾರು ಕಳಿಸಿದ. ಇಷ್ಟೆಲ್ಲ ಮಾಡಿದವನು, ಆ ಮಂಚದಿಂದ ಕೂಗಳತೆ ದೂರದಲ್ಲಿ ಇನ್ನೂ ಸುಡದೆ ಉಳಿದಿದ್ದ ಎರಡನೆಯ ಗುಡ್ಡೆಯ ಬಗ್ಗೆ ಕೇಳಿದರೆ ಮಾತ್ರ, "ಜೋರು ಗಾಳಿ ನೋಡ್ಕಂಡು ಹಚ್ತೀನಿ ಬಿಡವ್ವ" ಎನ್ನುತ್ತಿದ್ದ. ಅಪಘಾತದಿಂದ ಅವನು ಪಾಠ ಕಲಿತಿದ್ದ. ಫ್ಯಾನ್ ಮೆಲ್ಲಗೆ ತಿರುಗಿದರೆ ಸಾಲದು, ಜೋರಾಗಿ ತಿರುಗಬೇಕು ಎಂಬುದು ಆ ಪಾಠ.

ನಾನು ಫೋನಿನಲ್ಲಿ ಬೇಡಿದೆ, ಗದರಿದೆ, ಅಮ್ಮನಿಂದ ಹೇಳಿಸಿದೆ. ಹೊಲ ಉಳಬೇಕು, ಕಸ ಇದ್ದರೆ ನೇಗಿಲಿಗೆ ಸಿಕ್ಕುತ್ತದೆ ಎಂಬುದು ಅವನ ಉತ್ತರ. ಕೌಂಟರ್ ಒರೆಸುವಾಗಲೂ ನನ್ನ ಕಣ್ಣು ಐಮಂಗಲದ ದಿಕ್ಕಿನ ಆಕಾಶದಲ್ಲಿರುತ್ತಿತ್ತು, ಇಲ್ಲಿಂದ ಅಲ್ಲಿಯ ಹೊಗೆ ಕಾಣುವುದಿಲ್ಲವೆಂದು ಗೊತ್ತಿದ್ದರೂ.

ಚಿಕ್ಕಣ್ಣನ ಮಾತ್ರೆ ಮುಗಿಯುವ ದಿನ ನಾನೇ ತೆಗೆದುಕೊಂಡು ಹೋದೆ. ಅವತ್ತು ಗಾಳಿ ನಿಜವಾಗಿಯೂ ಜೋರಾಗಿತ್ತು. ನಾನು ಸ್ಕೂಟರ್ ನಿಲ್ಲಿಸುವಾಗ ಮಾವ ಬೆಂಕಿಪೊಟ್ಟಣ ಕೈಯಲ್ಲಿ ಹಿಡಿದು ಗುಡ್ಡೆಯ ಮುಂದೆ ನಿಂತಿದ್ದ. ಆದರೆ ಅವನು ಕಡ್ಡಿ ಗೀರುತ್ತಿರಲಿಲ್ಲ. ಗುಡ್ಡೆಯ ಸುತ್ತ ಬಲೆ ಕಟ್ಟಿತ್ತು, ಬಲೆಯೊಳಗೆ ಕುರಿಮರಿಗಳಿದ್ದವು. ಕೆಲವು ಗುಡ್ಡೆಯ ಮೇಲೇ ಹತ್ತಿ ನಿಂತು ಒಣ ಗರಿ ಜಗಿಯುತ್ತ ಮಾವನನ್ನು ನೋಡುತ್ತಿದ್ದವು. ಪಕ್ಕದಲ್ಲಿ ಈರಕ್ಕ ಎಲೆಅಡಿಕೆ ಹಾಕಿಕೊಂಡು ಕೂತಿದ್ದಳು.

"ಲೇ ಈರಕ್ಕ, ಇಡೀ ಹೊಲ ಬಿದ್ದೈತೆ. ಈ ಕಸದ ಮ್ಯಾಲೇ ಮರಿ ಬಿಡ್ಬೇಕಾ ನೀನು?"

"ಇಲ್ಲಿ ಬೆಚ್ಚಗೈತೆ ಗೌಡ್ರೆ. ಗಾಳಿ ಬಡಿಯಲ್ಲ."

"ಗಾಳಿ ಬಡಿಯಲ್ವಾ? ಮ್ಯಾಲೆ ನೋಡು, ಹೆಂಗೆ ತಿರುಗ್ತೈತೆ! ಇವತ್ತು ಹಚ್ಚಿದ್ರೆ ಹೊಗೆ ನೆಟ್ಟಗೆ ಹೊಸದುರ್ಗಕ್ಕೆ ಹೋಗ್ತೈತೆ."

"ಹೊಸದುರ್ಗದಾಗೆ ಮನುಷ್ಯರಿಲ್ವಾ?"

ಮಾವ ಮತ್ತೊಮ್ಮೆ ಫ್ಯಾನಿನ ಕಡೆ ನೋಡಿದ. ಅವಳು ಎದ್ದು ನಿಂತಳು.

"ನೋಡ್ರಿ ಗೌಡ್ರೆ, ಹೊಲ ನಿಮ್ದು, ಬೆಂಕಿಪೊಟ್ಣ ನಿಮ್ದು. ಅಲ್ಲಿ ಮಲಗೈತಲ್ಲ, ಆ ಉಸಿರು ನಂದು. ಹಚ್ಚಂಗಿದ್ರೆ ಹಚ್ರಿ. ಮೊದ್ಲು ಈ ಮರಿಗಳ್ನ ನೀವೇ ಎತ್ಕಂಡು ಆಚೆ ಬಿಡ್ರಿ."

ಮಾವ ಹಟಕ್ಕೆ ಬಿದ್ದು ಒಂದು ಮರಿಯನ್ನು ಎತ್ತಿ ಬಲೆಯಾಚೆ ಬಿಟ್ಟ. ಅದು ಬಲೆಯ ಕೆಳಗೆ ನುಸುಳಿ ಮರಳಿ ಬಂತು. ಇನ್ನೊಂದನ್ನು ಎತ್ತಿದ, ಅದು ಅವನ ಅಂಗಿಯ ಮೇಲೆ ಉಚ್ಚೆ ಹೊಯ್ದಿತು. ಟಾರ್ಪಾಲಿನ ಕೆಳಗಿನಿಂದ ಚಿಕ್ಕಣ್ಣ ನಗಲು ಹೋಗಿ ಕೆಮ್ಮಿದ. ಆ ಕೆಮ್ಮು ನಿಲ್ಲಲಿಲ್ಲ. ಈರಕ್ಕ ನೀರು ಕುಡಿಸಿ, ಬೆನ್ನು ನೀವಿ, ಅವನ ಮುಖ ಕೆಂಪಿನಿಂದ ಕಂದು ಬಣ್ಣಕ್ಕೆ ತಿರುಗುವುದನ್ನು ನೋಡುತ್ತ ಕೂತಳು. ಮರಿಯನ್ನು ಎದೆಗೊತ್ತಿಕೊಂಡೇ ಮಾವ ಅದನ್ನೆಲ್ಲ ನೋಡಿದ. ಕೆಮ್ಮು ಇಳಿದ ಮೇಲೆ ಬೆಂಕಿಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು, ಯಾರನ್ನೂ ನೋಡದೆ, ಗುಡ್ಡೆಯೊಳಗೆ ಕೈ ತೂರಿಸಿ ಕಪ್ಪು ಪೈಪಿನ ಒಂದು ತುದಿಯನ್ನು ಹಿಡಿದು ಎಳೆಯತೊಡಗಿದ.

ನಾನೂ ಚಪ್ಪಲಿ ಬಿಟ್ಟು ಇಳಿದೆ. ಮೂವರೂ ಸೇರಿ ಎಳೆದೆವು. ದಂಟಿನೊಳಗೆ ಹೆಣೆದುಕೊಂಡಿದ್ದ ಪೈಪು, ಮಣ್ಣು ಮೆತ್ತಿದ ಶೀಟು, ಗೊಬ್ಬರದ ಚೀಲದ ಚೂರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಂದು ಕಡೆ ಬರಿಯ ದಂಟು, ಇನ್ನೊಂದು ಕಡೆ ಪ್ಲಾಸ್ಟಿಕ್ಕಿನ ಗುಡ್ಡೆ. ದಂಟನ್ನು ಮಂದೆ ತುಳಿದು ಮಣ್ಣಿಗೆ ಸೇರಿಸುತ್ತದೆ ಎಂದಳು ಈರಕ್ಕ. ಪೈಪನ್ನು ಗುಜರಿಯವನು ಒಯ್ಯುತ್ತಾನೆ. ಉಳಿದದ್ದು ಆ ಕೊಳಕು ಶೀಟು. ಎಂದೂ ನನ್ನನ್ನು ಏನೂ ಕೇಳದ ಮಾವ ಕೈ ಒರೆಸಿಕೊಳ್ಳುತ್ತ ಕೇಳಿದ: "ಓದಿದೀಯಲ್ಲವ್ವ, ಇದನ್ನ ಎಲ್ಲಿಗೆ ಒಯ್ಯಾಣ, ಹೇಳು."

ನನಗೆ ಗೊತ್ತಿರಲಿಲ್ಲ. ಗುಜರಿಯವನು ಇದನ್ನು ಮುಟ್ಟುವುದಿಲ್ಲ. ಪೇಟೆಗೆ ಒಯ್ದರೆ ಅಲ್ಲಿಯೂ ಯಾರೋ ಒಬ್ಬ ಶುಚಿಯ ಮನುಷ್ಯ ಊರಾಚೆ ಸುರಿದು ಕಡ್ಡಿ ಗೀರುತ್ತಾನೆ. ಹೂತರೆ ಮುಂದಿನ ಉಳುಮೆಗೆ ಮೇಲೆ ಬರುತ್ತದೆ. ಕೆಮ್ಮಿಗೆ ಯಾವ ಮಾತ್ರೆ ಎಂದು ಕಣ್ಣುಮುಚ್ಚಿ ಹೇಳಬಲ್ಲ ನಾನು ಆ ಶೀಟನ್ನು ಸುಮ್ಮನೆ ಮಗುಚಿ ಮಗುಚಿ ನೋಡಿದೆ. ಕೊನೆಗೆ ಎಲ್ಲವನ್ನೂ ಒಟ್ಟಿ, ತುಳಿದು, ಹಗ್ಗ ಹಾಕಿ ಬಿಗಿದು ಒಂದು ದೊಡ್ಡ ಗಂಟು ಮಾಡಿ, ಟಾರ್ಪಾಲಿನ ಪಕ್ಕಕ್ಕೆ ಉರುಳಿಸಿದೆವು. ಸದ್ಯಕ್ಕೆ ಇಲ್ಲಿರಲಿ ಎಂದೆ. ಬೇರೆ ದಾರಿ ಕಾಣದವರು ಹೇಳುವ ಮಾತು ಅದು. ಎದುರಿಗೇ ಕಾಣುವ ಹೊಲಸು, ನಿಜ. ಆದರೂ ಅದು ಇನ್ನೂ ಯಾರ ಎದೆಯೊಳಗೂ ಹೋಗಿರಲಿಲ್ಲ.

ಕಾಲು ಮಡಿಸಲಾಗದ ಚಿಕ್ಕಣ್ಣನಿಗೆ ತಗ್ಗಿನ ಮಂಚದಲ್ಲಿ ಕೂತು ಏಳುವುದೇ ಕಷ್ಟವಾಗಿತ್ತು. ಅವನು ಕೋಲೂರಿ ನಿಧಾನವಾಗಿ ಬಂದು, ಗಂಟನ್ನು ಒಮ್ಮೆ ಒತ್ತಿ ನೋಡಿ, ಅದರ ಮೇಲೆ ಭಾರ ಬಿಟ್ಟು ಕೂತ. ಕಟ್ಟು ಹಾಕಿದ ಕಾಲನ್ನು ಮುಂದಕ್ಕೆ ಚಾಚಿದ. ಕೆಮ್ಮಲಿಲ್ಲ.

"ಮೆತ್ತಗೈತೆ ಗೌಡ್ರೆ," ಎಂದ. "ನಾನು ಏಳೋವರ್ಗೂ ಯಾರೂ ಸುಡಬ್ಯಾಡ್ರಿ."